ಮಟ್ಟಿಯ ಮಣ್ಣಿಗೆ ಎಲ್ಲರ ಕೈ

ಮೈಸೂರಿನ ಹಳೆಯ ಮೊಹಲ್ಲಾ ಒಂದರ ಗರಡಿ ಮನೆಯಲ್ಲಿ ಸಾಮು ಮಾಡುತ್ತ ಬೆಳೆದ ನಾನು ಈಗ ಅಲ್ಲಿಯೇ ಹುಡುಗರಿಗೆ ಕುಸ್ತಿಯ ಪಟ್ಟು ಹೇಳಿಕೊಡುತ್ತೇನೆ. 2020ರಲ್ಲಿ ಕೊರೊನಾದಿಂದ ಗರಡಿಗಳು ಮುಚ್ಚಿದವು. ದಸರಾ ಸರಳವಾಗಿ ನಡೆದುದರಿಂದ ದೇವರಾಜ ಅರಸು ಕ್ರೀಡಾಂಗಣದ ಕುಸ್ತಿಯೂ ಆ ವರ್ಷ ಇರಲಿಲ್ಲ. ಹಾಲು, ಬಾದಾಮಿಯ ಖರ್ಚಿಗೆ ಪೈಲ್ವಾನರು ನೆಚ್ಚಿಕೊಂಡಿದ್ದ ಜಾತ್ರೆಯ ಕುಸ್ತಿಗಳೂ ನಿಂತವು. ಇವೆಲ್ಲಕ್ಕಿಂತ ನನ್ನನ್ನು ಕಾಡಿದ್ದು ಮಟ್ಟಿಯ, ಅಂದರೆ ಕುಸ್ತಿಯಾಡುವ ಮಣ್ಣಿನ ಅಂಕಣದ, ಸ್ಥಿತಿ. ಕೆಮ್ಮಣ್ಣನ್ನು ಅಗೆದು ಸಡಿಲಿಸುತ್ತಿರದಿದ್ದರೆ ಅದು ಗಟ್ಟಿಯಾಗುತ್ತದೆ, ಅಂಥ ನೆಲಕ್ಕೆ ಬಿದ್ದವನ ಭುಜಕ್ಕೆ ಪೆಟ್ಟು ತಪ್ಪದು.

ಬಾಗಿಲು ತೆರೆಯುವ ಹೊತ್ತಿಗೆ ಬೀದಿಯ ಹಿರಿಯರೊಬ್ಬರು ಪೂರ್ತಿ ವೆಚ್ಚ ತಾವೇ ಕೊಟ್ಟು ಆಳುಗಳಿಂದ ಮಟ್ಟಿ ಕಟ್ಟಿಸುವುದಾಗಿ ಹೇಳಿದರು. ಅವರ ಪ್ರೀತಿ ನಿಜವಾದದ್ದು. ಆದರೆ ಒಬ್ಬರ ಹಣದಿಂದ ಎದ್ದ ಗರಡಿಯಲ್ಲಿ ಒಬ್ಬರ ಮಾತೇ ನಡೆಯುತ್ತದೆ ಎಂಬ ಅಂಜಿಕೆಯಿಂದ, ಗರಡಿಯ ಗುರುಗಳಾದ ಉಸ್ತಾದರ ಅನುಮತಿ ಪಡೆದು, ಪ್ರತಿ ಮನೆಯಿಂದಲೂ ಏನಾದರೊಂದು ಬರಲಿ ಎಂದು ಕೇಳಿಕೊಂಡೆವು. ಕೆಲವರು ಮಣ್ಣು ತರಿಸಿದರು, ಕೆಲವರು ಎಣ್ಣೆ, ಅರಿಸಿನ, ಕುಂಕುಮ, ಕರ್ಪೂರ ತಂದರು. ಎಂದೂ ಗರಡಿಯ ಹೊಸ್ತಿಲು ದಾಟದ ಅಜ್ಜಿಯರು ಮಜ್ಜಿಗೆ ಕಳುಹಿಸಿದರು. ಹಳೆಯ ಮಣ್ಣಿನ ಹೆಂಟೆ ಒಡೆದು, ಜರಡಿ ಹಿಡಿದು ಕಲ್ಲು ತೆಗೆದು, ಹೊಸ ಮಣ್ಣನ್ನು ಕೂಡಿಸಿ, ಇವೆಲ್ಲವನ್ನೂ ಹದವಾಗಿ ಬೆರೆಸಿ ತುಳಿದೆವು. ವೆಚ್ಚ ಕೊಡಲು ಬಂದಿದ್ದ ಹಿರಿಯರೂ ಪಂಚೆ ಎತ್ತಿ ಕಟ್ಟಿ ಜರಡಿ ಹಿಡಿದರು.

ಅಂದಿನಿಂದ ನಾವು ಪಾಲಿಸುತ್ತಿರುವ ಕಟ್ಟಳೆ ಒಂದೇ: ಮಟ್ಟಿಗೆ ಇಳಿಯುವವನು ಮೊದಲು ಗುದ್ದಲಿ ಹಿಡಿಯಬೇಕು. ದಸರೆಯಲ್ಲಿ ಗೆದ್ದು ಬಂದವನಿಗೂ ವಿನಾಯಿತಿ ಇಲ್ಲ. ಅಗೆಯುವುದೇ ಒಳ್ಳೆಯ ಸಾಮು. ಅದಕ್ಕಿಂತ ಮುಖ್ಯವಾಗಿ, ತಿಂಗಳ ವಂತಿಗೆ ಕೊಡಲಾಗದ ಮನೆಯ ಹುಡುಗನೂ ಇಲ್ಲಿ ಯಾರ ಋಣದಲ್ಲಿಯೂ ಇರುವುದಿಲ್ಲ. ವಂತಿಗೆಯ ಲೆಕ್ಕವನ್ನು ಗೋಡೆಯ ಮೇಲೆಯೇ ಬರೆಯುತ್ತೇವೆ, ಬೀಗದ ಕೈಯನ್ನು ಸರದಿಯಂತೆ ಮನೆಯಿಂದ ಮನೆಗೆ ಕೊಡುತ್ತೇವೆ.

ರಾಷ್ಟ್ರಮಟ್ಟದ ಸ್ಪರ್ಧೆಗಳು ಮ್ಯಾಟ್ ಮೇಲೆ ನಡೆಯುವುದರಿಂದ ಅದನ್ನೂ ಕೊಳ್ಳಬೇಕೆಂದು ಹುಡುಗರು ಕೇಳಿದಾಗ ಸಭೆಯಲ್ಲಿ ಬಿಸಿಬಿಸಿ ಚರ್ಚೆಯಾಯಿತು. ಮಟ್ಟಿಯನ್ನು ಮುಟ್ಟದೆ, ಪಕ್ಕದ ಅಂಗಳದಲ್ಲಿ ಹಾಸುವುದೆಂದು ಕೊನೆಗೆ ಒಪ್ಪಿಗೆಯಾಯಿತು. ಈಗ ನಮ್ಮ ಮುಂದಿರುವುದು ಹೆಣ್ಣುಮಕ್ಕಳ ಪ್ರವೇಶದ ಪ್ರಶ್ನೆ. ದಸರಾ ಕುಸ್ತಿಯಲ್ಲಿ ಅವರು ಸೆಣಸುತ್ತಿರುವಾಗ, ಮಜ್ಜಿಗೆ ಕಳುಹಿಸಿದ ಮನೆಗಳ ಹುಡುಗಿಯರಿಗೆ ಬಾಗಿಲು ಮುಚ್ಚಿರಬಾರದು ಎಂಬುದು ನನ್ನ ನಿಲುವು. ಮುಂದಿನ ಸಭೆಯಲ್ಲಿ ಅದನ್ನೇ ಮಂಡಿಸಲಿದ್ದೇನೆ.