ಯುದ್ಧದ ಸುದ್ದಿ ಓದುವಾಗ ಏನನ್ನು ನೋಡಬೇಕು

2022ರ ಮಾರ್ಚ್‌ನಲ್ಲಿ ಉಕ್ರೇನಿನ ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿ ದಾಳಿಗೆ ಬಲಿಯಾದ. ಅವನ ದೇಹವನ್ನು ಮನೆಯವರು ನಮ್ಮ ದಾವಣಗೆರೆಯ ಮೆಡಿಕಲ್ ಕಾಲೇಜಿಗೆ ದಾನ ಕೊಟ್ಟರು. ಮಕ್ಕಳನ್ನು ಹೊರದೇಶಕ್ಕೆ ಓದಲು ಕಳಿಸಿದ ಮನೆಗಳು ದಾವಣಗೆರೆ, ಚಿತ್ರದುರ್ಗದ ಕಡೆಯೂ ಇವೆ. ಅಂಥವರು ಯುದ್ಧದ ಸುದ್ದಿ ಓದುವುದನ್ನು ಕಲಿಯಲೇಬೇಕು.

ಟಿವಿಯಲ್ಲಿ ಬರುವ ಭಾಷಣ ಬಿಡಿ. ಮೊದಲು ಗಡುವು ಹುಡುಕಿ. ಯಾರು ಯಾರಿಗೆ ಎಷ್ಟು ಸಮಯ ಕೊಟ್ಟಿದ್ದಾರೆ, ಬೇಡಿಕೆ ಒಪ್ಪುವಂಥದ್ದಾ? 1914ರಲ್ಲಿ ಸರಯೇವೋದಲ್ಲಿ ಆಸ್ಟ್ರಿಯಾ-ಹಂಗೇರಿಯ ಯುವರಾಜನ ಕೊಲೆಯಾದ ಮೇಲೆ, ಇದರ ಹಿಂದೆ ಸರ್ಬಿಯಾ ಇದೆ ಅಂತ ಜುಲೈ 23ರಂದು ಆಸ್ಟ್ರಿಯಾ-ಹಂಗೇರಿ ಅದರ ಮುಂದೆ 10 ಬೇಡಿಕೆ ಇಟ್ಟು 48 ಗಂಟೆ ಕೊಟ್ಟಿತು. ಸರ್ಬಿಯಾ ಹೆಚ್ಚುಕಡಿಮೆ ಎಲ್ಲಕ್ಕೂ ಬಗ್ಗಿತು. ನಿಮ್ಮ ಅಧಿಕಾರಿಗಳು ನಮ್ಮ ನೆಲಕ್ಕೆ ಬಂದು ತನಿಖೆ ಮಾಡುವುದು ಮಾತ್ರ ಆಗಲ್ಲ ಎಂದಿತು. ಆ ಉತ್ತರ ಓದಿದ ಜರ್ಮನಿಯ ಚಕ್ರವರ್ತಿಗೇ ಇನ್ನು ಯುದ್ಧಕ್ಕೆ ಕಾರಣ ಉಳಿದಿಲ್ಲ ಅನಿಸಿತ್ತು. ಅದೇ ದಿನ, ಜುಲೈ 28ಕ್ಕೆ, ಆಸ್ಟ್ರಿಯಾ ಯುದ್ಧ ಸಾರಿತು. ಹೀಗೆ ಶುರುವಾದ ಮೊದಲ ಮಹಾಯುದ್ಧ ಯಾರಿಗೂ ಬೇಕಿರಲಿಲ್ಲ, ಸುಮ್ನೆ ಜಾರಿಬಿದ್ದರು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಆಸ್ಟ್ರಿಯಾಕ್ಕೆ ಸರ್ಬಿಯಾದ ಮೇಲೆ ಯುದ್ಧ ಬೇಕೇ ಬೇಕಿತ್ತು.

ಆಮೇಲೆ ಸೈನ್ಯದ ಓಡಾಟ ನೋಡಿ. ಹೊರಟ ಸೈನ್ಯವನ್ನು ನಿಲ್ಲಿಸುವುದು ಎಷ್ಟು ಕಷ್ಟ ಅನ್ನುವುದು ಮುಖ್ಯ. ಜುಲೈ 29ರ ರಾತ್ರಿ ಜರ್ಮನಿಯಿಂದ ಬಂದ ಟೆಲಿಗ್ರಾಂ ಓದಿ, ಸರ್ಬಿಯಾದ ಬೆನ್ನಿಗಿದ್ದ ರಷ್ಯಾದ ದೊರೆ ಜಾರ್ ಪೂರ್ತಿ ಸೇನೆ ಜಮಾಯಿಸುವ ಆದೇಶವನ್ನು ತಡೆದ. ಆದರೆ ಸೇನಾಧಿಕಾರಿಗಳು ಬಿಡಲಿಲ್ಲ: ಅರ್ಧಂಬರ್ಧ ಸೇನೆ ಕಳಿಸಿದರೆ ರೈಲುಗಳ ಲೆಕ್ಕವೆಲ್ಲ ಕೆಡುತ್ತದೆ, ಆಮೇಲೆ ಜರ್ಮನಿ ಮೇಲೆ ಬಿದ್ದರೆ ಏನೂ ಮಾಡಲಾಗುವುದಿಲ್ಲ ಎಂದರು. ಮರುದಿನ ಜಾರ್ ಒಪ್ಪಿಕೊಂಡ. ಆಗಸ್ಟ್ 1ಕ್ಕೆ ಜರ್ಮನಿ ರಷ್ಯಾದ ಮೇಲೆ ಯುದ್ಧ ಸಾರಿತು. 4ಕ್ಕೆ ಬ್ರಿಟನ್ನೂ ಇಳಿಯಿತು.

1962ರಲ್ಲಿ ಸೋವಿಯತ್ ಒಕ್ಕೂಟ ಅಮೆರಿಕದ ಪಕ್ಕದ ಕ್ಯೂಬಾದಲ್ಲಿ ಕ್ಷಿಪಣಿ ಇಟ್ಟು ಬಿಕ್ಕಟ್ಟು ಎದ್ದಾಗ ಹಾಗಾಗಲಿಲ್ಲ. ಅಮೆರಿಕದ ಅಧ್ಯಕ್ಷ ಕೆನಡಿ ಬಾಂಬ್ ಹಾಕುವ ಬದಲು ಕ್ಯೂಬಾಕ್ಕೆ ಹೋಗುವ ಹಡಗುಗಳನ್ನು ಸಮುದ್ರದಲ್ಲಿ ತಡೆದರು. ಅದರಿಂದ ಇಬ್ಬರಿಗೂ ಯೋಚಿಸಲು ಸಮಯ ಸಿಕ್ಕಿತು. ಸೋವಿಯತ್ ನಾಯಕ ಕ್ರುಶ್ಚೇವ್ ಕ್ಷಿಪಣಿ ವಾಪಸ್ ತೆಗೆದರು. ಅಮೆರಿಕ ಕ್ಯೂಬಾದ ಮೇಲೆ ದಾಳಿ ಮಾಡಲ್ಲ ಎಂದಿತು, ಟರ್ಕಿಯಲ್ಲಿದ್ದ ತನ್ನ ಕ್ಷಿಪಣಿ ತೆಗೆಯಲು ಗುಟ್ಟಾಗಿ ಒಪ್ಪಿತು. ಇಬ್ಬರಿಗೂ ಮುಖ ಉಳಿಸಿಕೊಂಡು ಹಿಂದೆ ಸರಿಯಲು ದಾರಿ ಇದೆಯಾ ಅಂತ ಹುಡುಕಿ.

ವಿಶ್ವಸಂಸ್ಥೆ ಇದೆಯಲ್ಲ ಅಂತ ಕೂರಬೇಡಿ. ಅದರ ಭದ್ರತಾ ಮಂಡಳಿಯಲ್ಲಿ 5 ದೇಶಗಳಿಗೆ ವಿಟೋ ಇದೆ, ಅಂದರೆ ಒಬ್ಬರೇ ಬೇಡ ಅಂದರೂ ನಿರ್ಣಯ ಬಿದ್ದುಹೋಗುತ್ತದೆ. ಬದುವಿನ ಜಗಳದಲ್ಲಿ ಒತ್ತುವರಿ ಮಾಡಿದವನೇ ಪಂಚಾಯ್ತಿಗೆ ಕೂತರೆ ತೀರ್ಪು ಬರುತ್ತಾ? ಉಕ್ರೇನಿನ ಮೇಲೆ ತಾನು ಮಾಡಿದ ದಾಳಿಯನ್ನು ಖಂಡಿಸುವ ನಿರ್ಣಯಕ್ಕೆ 2022ರ ಫೆಬ್ರವರಿ 25ಕ್ಕೆ ರಷ್ಯಾ ವಿಟೋ ಹಾಕಿತು, ಅಲ್ಲಿಗೆ ಆ ನಿರ್ಣಯ ಮುಗಿಯಿತು.

ನಿಮ್ಮ ಮಗನೋ ಮಗಳೋ ಅಂಥ ಕಡೆ ಇದ್ದರೆ, ಎಲ್ಲಕ್ಕಿಂತ ಜಾಸ್ತಿ ಬೆಲೆ ಕೊಡಬೇಕಾದದ್ದು ರಾಯಭಾರ ಕಚೇರಿಯ ಸೂಚನೆಗೆ. ಉಕ್ರೇನಿನ ರಾಜಧಾನಿ ಕೀವ್‌ನ ಭಾರತೀಯ ರಾಯಭಾರ ಕಚೇರಿ ಫೆಬ್ರವರಿ 15ಕ್ಕೇ, ಇರಲೇಬೇಕಾದ ಕಾರಣ ಇಲ್ಲದವರು, ಅದರಲ್ಲೂ ವಿದ್ಯಾರ್ಥಿಗಳು, ಸದ್ಯಕ್ಕೆ ಹೊರಡುವ ಯೋಚನೆ ಮಾಡಿ ಎಂದಿತ್ತು. ಯುದ್ಧ ಶುರುವಾಗಿದ್ದು 24ಕ್ಕೆ. ಕ್ಲಾಸ್ ತಪ್ಪುತ್ತದೆ, ಟಿಕೆಟ್ ದುಬಾರಿ ಅಂತ ಎಷ್ಟೋ ಜನ ಉಳಿದರು. ಮಕ್ಕಳ ಹೆಸರು, ಫೋನ್ ನಂಬರ್ ಅಲ್ಲಿನ ರಾಯಭಾರ ಕಚೇರಿಯಲ್ಲಿ ನೋಂದಣಿ ಆಗಿದೆಯಾ ಅಂತ ಇವತ್ತೇ ಕೇಳಿ. ಆಗಿಲ್ಲದಿದ್ದರೆ ಇವತ್ತೇ ಮಾಡಿಸಿ.