ಆರೋ ಕೀಗೆ ಕೈ ಚಾಚದೇ ಕರ್ಸರ್ ಓಡಿಸೋದು ಹೇಗೆ?

ಒಂದು ಸಾಲು ಮೇಲೆ ಹೋಗೋಕೆ ಬಲಗೈ ಎತ್ತಿ, ಮೂಲೇಲಿರೋ ಆರೋ ಕೀ ತಡಕಿ ವಾಪಸ್ ಬರೋವಷ್ಟ್ರಲ್ಲಿ ಬರೀಬೇಕಂತಿದ್ದಿದ್ದೇ ಮರ್ತುಹೋಗಿರತ್ತೆ, ಇನ್ನು ಎಷ್ಟೋ ಲ್ಯಾಪ್‌ಟಾಪಲ್ಲಿ ಮೇಲಿನ ಬಾಣ ಕೆಳಗಿನ ಬಾಣ ಎರಡಕ್ಕೂ ಸೇರಿ ಒಂದೇ ಕೀಯಷ್ಟು ಜಾಗ.

ಮೊದ್ಲು ನೀವು ಏನು ಬರೀತೀರ ನೋಡ್ಕೊಳ್ಳಿ. ಬರೀ ಕೋಡ್ ಆದ್ರೆ ವಿಮ್ ಅನ್ನೋ ಎಡಿಟರ್ ಕಲೀಬಹುದು: ಎಚ್ ಎಡಕ್ಕೆ, ಜೆ ಕೆಳಕ್ಕೆ, ಕೆ ಮೇಲಕ್ಕೆ, ಎಲ್ ಬಲಕ್ಕೆ. ಇದೇ ಶ್ರೇಷ್ಠ ಅಂತ ವಾದ ಮಾಡೋರು ಸಿಗ್ತಾರೆ, ತಲೆಕೆಡಿಸ್ಕೋಬೇಡಿ. 1976ರ ಸುಮಾರಿಗೆ ಬಿಲ್ ಜಾಯ್ ಅನ್ನೋ ಪ್ರೋಗ್ರಾಮರ್ ವಿಮ್‌ಗೆ ಮೂಲವಾದ ವಿಐ ಎಡಿಟರ್ ಬರೆದಿದ್ದು ಎಡಿಎಂ-3ಎ ಅನ್ನೋ ಟರ್ಮಿನಲಲ್ಲಿ, ಅದ್ರಲ್ಲಿ ಬೇರೆ ಆರೋ ಕೀನೇ ಇರ್ಲಿಲ್ಲ, ಈ ನಾಲ್ಕು ಅಕ್ಷರದ ಮೇಲೇ ಬಾಣ ಅಚ್ಚಾಗಿತ್ತು, ಅಷ್ಟೇ ಕತೆ. ಬಲಗೈ ಬೆರಳು ಕೂರೋದು ಜೆಯಿಂದ ಸೆಮಿಕೋಲನ್‌ವರೆಗೆ, ಎಚ್ ಒತ್ತೋಕೆ ತೋರುಬೆರಳು ಪಕ್ಕಕ್ಕೆ ಸರೀಲೇಬೇಕು.

ಕನ್ನಡ ಬರೆಯೋರಿಗೆ ಇನ್ನೊಂದು ಕಿರಿಕಿರಿ. ಇನ್‌ಸ್ಕ್ರಿಪ್ಟ್ ಅನ್ನೋ ಕನ್ನಡ ಕೀಬೋರ್ಡ್ ವಿನ್ಯಾಸ ಆನ್ ಇದ್ರೆ ಎಚ್ ಒತ್ತಿದ್ರೆ ಪ, ಜೆ ಒತ್ತಿದ್ರೆ ರ, ಕೆಗೆ ಕ, ಎಲ್‌ಗೆ ತ. ಕರ್ಸರ್ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ, ಪ್ರತಿ ಸಲ ಇಂಗ್ಲಿಷ್‌ಗೆ ಹೋಗಿ ಬರ್ಬೇಕು.

ಅದಕ್ಕೇ ನನ್ನ ಓಟು ಎಡಗಡೆ ಆಲ್ಟ್ ಜೊತೆ ಐ, ಜೆ, ಕೆ, ಎಲ್‌ಗೆ, ಆರೋ ಕೀ ಇರೋ ಆಕಾರದಲ್ಲೇ ಇವೂ ಇವೆ, ಹೊಸದಾಗಿ ಕಲಿಯೋದೇನಿಲ್ಲ. ವಿಂಡೋಸಲ್ಲಿ ಪವರ್‌ಟಾಯ್ಸ್ ಹಾಕ್ಕೊಳ್ಳಿ, ಮೈಕ್ರೋಸಾಫ್ಟ್‌ದೇ, ಫ್ರೀ. ಅದ್ರಲ್ಲಿ ಕೀಬೋರ್ಡ್ ಮ್ಯಾನೇಜರ್ ತೆಗ್ದು ‘ರಿಮ್ಯಾಪ್ ಎ ಶಾರ್ಟ್‌ಕಟ್’ ಒತ್ತಿ. ಎಡ ಆಲ್ಟ್ ಮತ್ತು ಐಗೆ ಮೇಲಿನ ಬಾಣ, ಕೆಗೆ ಕೆಳಗಿಂದು, ಜೆಗೆ ಎಡ, ಎಲ್‌ಗೆ ಬಲ. ಸೆಟ್ ಮಾಡುವಾಗ ಕೀಬೋರ್ಡ್ ಇಂಗ್ಲಿಷಲ್ಲೇ ಇರ್ಲಿ. ಸೆಲೆಕ್ಟ್ ಮಾಡೋಕೆ ಶಿಫ್ಟ್ ಸೇರಿಸಿ ಇನ್ನೂ ನಾಲ್ಕು ಹಾಕಿಡಿ, ಇದನ್ನ ಬಿಟ್ರೆ ಕಟ್ ಪೇಸ್ಟ್ ಮಾಡುವಾಗ ಮತ್ತೆ ಮೂಲೆಗೇ ಕೈ ಹೋಗತ್ತೆ. ಹೋಗೋದು ನಿಜವಾದ ಆರೋ ಸಿಗ್ನಲ್ಲೇ ಆಗಿರೋದ್ರಿಂದ ನೋಟ್‌ಪ್ಯಾಡೋ ಬ್ರೌಸರೋ, ಕನ್ನಡವೋ ಇಂಗ್ಲಿಷೋ, ಹೆಚ್ಚುಕಡಿಮೆ ಎಲ್ಲ ಕಡೆ ನಡೆಯತ್ತೆ.

ಮ್ಯಾಕ್ ಇರೋರು ಏನೂ ಹಾಕ್ಬೇಕಿಲ್ಲ. ಕಂಟ್ರೋಲ್ ಜೊತೆ ಪಿ, ಎನ್, ಬಿ, ಎಫ್ ಒತ್ತಿ ನೋಡಿ. ಮೇಲೆ, ಕೆಳಗೆ, ಹಿಂದೆ, ಮುಂದೆ. ಈಮ್ಯಾಕ್ಸ್ ಎಡಿಟರಿನ ಅಭ್ಯಾಸ ಅದು, ಹೆಚ್ಚಿನ ಆ್ಯಪ್‌ಗಳಲ್ಲಿ ಓಡತ್ತೆ.

ಒಂದು ಮಾತು, ಪವರ್‌ಟಾಯ್ಸ್ ಹಿಂದೆ ಓಡ್ತಿದ್ರೆ ಮಾತ್ರ ಈ ಕೀಗಳು ಕೆಲ್ಸ ಮಾಡೋದು, ಸೆಟ್ಟಿಂಗ್ಸಲ್ಲಿ ಕಂಪ್ಯೂಟರ್ ಜೊತೇಗೇ ಶುರುವಾಗೋ ಹಾಗೆ ಟಿಕ್ ಮಾಡಿಡಿ.