ಕಟ್ಟಡದ ವ್ಯಾಜ್ಯದಲ್ಲಿ ರಾಜಿ ಪ್ರಸ್ತಾವ: ಖರ್ಚಿನ ಹೊಣೆ ತಪ್ಪಿಸುವಂತೆ ಪತ್ರ ಬರೆಯುವುದು ಹೇಗೆ?

ಮಂಗಳೂರು, ಉಡುಪಿ ಕಡೆಯ ಕಟ್ಟಡ ವ್ಯಾಜ್ಯಗಳಲ್ಲಿ ಬಹಳಷ್ಟು ಮೊದಲ ಮಳೆಗೇ ಹುಟ್ಟುತ್ತವೆ. ಮೇ ತಿಂಗಳ ಕೊನೆಯಲ್ಲಿ ತರಾತುರಿಯಿಂದ ಮುಗಿಸಿದ ತಾರಸಿ ಜೂನ್‌ನಲ್ಲಿ ಸೋರುತ್ತದೆ, ಮಾಲಕರು ಕೊನೆಯ ಬಿಲ್ಲನ್ನು ತಡೆಹಿಡಿಯುತ್ತಾರೆ, ಗುತ್ತಿಗೆದಾರರು ಹೆಚ್ಚುವರಿ ಕೆಲಸದ ಪಟ್ಟಿ ಲಗತ್ತಿಸಿ ವಕೀಲರ ನೋಟಿಸು ಕಳುಹಿಸುತ್ತಾರೆ. ಆ ಹಂತದಲ್ಲಿ ರಾಜಿಯ ಮಾತನ್ನು ಮೊದಲು ಎತ್ತಿದವರು ಸೋತಂತೆ ಎಂಬ ಭಾವನೆ ಎರಡೂ ಕಡೆ ಇರುತ್ತದೆ. ಈ ಭಾವನೆಗೆ ತೆತ್ತ ಬೆಲೆಯನ್ನು ಕಡತಗಳಲ್ಲಿ ಮತ್ತೆ ಮತ್ತೆ ಕಂಡಿರುವುದರಿಂದಲೇ ಇದನ್ನು ಬರೆಯುತ್ತಿದ್ದೇನೆ: ಸಕಾಲದಲ್ಲಿ, ಸರಿಯಾಗಿ ಬರೆದ ಒಂದು ರಾಜಿ ಪತ್ರವು ವ್ಯಾಜ್ಯದ ಖರ್ಚು ಕೊನೆಗೆ ಯಾರ ತಲೆಗೆ ಬೀಳುತ್ತದೆ ಎಂಬುದನ್ನೇ ಬದಲಿಸಬಲ್ಲದು.

ಕರಾರಿನಲ್ಲಿ ಆರ್ಬಿಟ್ರೇಶನ್ ಷರತ್ತು, ಅಂದರೆ ವಿವಾದವನ್ನು ನ್ಯಾಯಾಲಯದ ಬದಲು ಆರ್ಬಿಟ್ರೇಟರ್ ಎಂಬ ಖಾಸಗಿ ತೀರ್ಪುಗಾರರು ತೀರ್ಮಾನಿಸಬೇಕೆಂಬ ಷರತ್ತು, ಇದೆಯೇ ಎಂದು ಮೊದಲು ನೋಡಿರಿ. ಇದ್ದರೆ 1996ರ ಆರ್ಬಿಟ್ರೇಶನ್ ಕಾಯ್ದೆಗೆ 2015ರಲ್ಲಿ ಸೇರಿಸಿದ 31ಎ ಕಲಂ ಅನ್ವಯಿಸುತ್ತದೆ. ಸೋತವರು ಗೆದ್ದವರ ಖರ್ಚು ಕೊಡಬೇಕೆಂಬುದು ಅಲ್ಲಿನ ಸಾಮಾನ್ಯ ನಿಯಮ; ಆದರೆ ಒಂದು ಕಡೆಯವರು ಮುಂದಿಟ್ಟ ಸಮಂಜಸವಾದ ರಾಜಿ ಪ್ರಸ್ತಾವವನ್ನು ಇನ್ನೊಂದು ಕಡೆಯವರು ನಿರಾಕರಿಸಿದ್ದಾರೆಯೇ ಎಂಬುದನ್ನೂ ಪರಿಗಣಿಸಬೇಕೆಂದು ಅದೇ ಕಲಂ ಹೇಳುತ್ತದೆ, ಮತ್ತು ಒಂದು ನಿರ್ದಿಷ್ಟ ದಿನಾಂಕದ ನಂತರದ ಖರ್ಚನ್ನು ಮಾತ್ರ ಒಬ್ಬರ ಮೇಲೆ ಹೊರಿಸಲು ಅವಕಾಶ ಕೊಡುತ್ತದೆ. ‘ಏನೇ ಆದರೂ ಖರ್ಚು ಗುತ್ತಿಗೆದಾರರದ್ದೇ’ ಎಂದು ಕರಾರಿನಲ್ಲಿ ಮೊದಲೇ ಬರೆಸಿಕೊಂಡಿದ್ದರೆ ಅದು ನಿಲ್ಲುವುದಿಲ್ಲ. ಅಂತಹ ಒಪ್ಪಂದವನ್ನು ವಿವಾದ ಹುಟ್ಟಿದ ಮೇಲೆ ಮಾಡಿಕೊಂಡಿರಬೇಕು. ಆರ್ಬಿಟ್ರೇಶನ್ ಷರತ್ತು ಇಲ್ಲದೆ, ವ್ಯಾಜ್ಯವು 3 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೌಲ್ಯದ ವಾಣಿಜ್ಯ ವ್ಯಾಜ್ಯವಾಗಿದ್ದರೆ, ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯು ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಮಿಗೆ ತಂದ ತಿದ್ದುಪಡಿಯ ಮೂಲಕ ಹೆಚ್ಚುಕಡಿಮೆ ಇದೇ ಅಳತೆಗೋಲು ಬರುತ್ತದೆ.

ಒಂದು ಉದಾಹರಣೆಯನ್ನು ಲೆಕ್ಕ ಹಾಕಿಯೇ ನೋಡೋಣ. ಸುರತ್ಕಲ್‌ನಲ್ಲಿ ಅಂಗಡಿ ಮಳಿಗೆ ಕಟ್ಟಿದ ಗುತ್ತಿಗೆದಾರರು 28 ಲಕ್ಷ ರೂಪಾಯಿ ಬಾಕಿ ಇದೆ ಎನ್ನುತ್ತಾರೆ. ಬಿಲ್ಲಿನ ದಿನದಿಂದ ಆರು ತಿಂಗಳಿಗೆ ಮಾಲಕರು, ಅಂದಿನವರೆಗಿನ ಬಡ್ಡಿಯೂ ಸೇರಿ 18.5 ಲಕ್ಷ ಕೊಡುವುದಾಗಿ ಪತ್ರ ಬರೆಯುತ್ತಾರೆ, ಗುತ್ತಿಗೆದಾರರು ಒಪ್ಪುವುದಿಲ್ಲ. ಮತ್ತೆರಡು ವರ್ಷದ ನಂತರ 16 ಲಕ್ಷ ಅಸಲು ಮತ್ತು ಶೇ. 9ರ ಸರಳ ಬಡ್ಡಿಗೆ ಅವಾರ್ಡ್ (ಆರ್ಬಿಟ್ರೇಟರ್ ತೀರ್ಪು) ಆಗುತ್ತದೆ. ಕೈಗೆ ಬರುವ ಮೊತ್ತ 19.6 ಲಕ್ಷವಾದ್ದರಿಂದ ಗುತ್ತಿಗೆದಾರರು ಗೆದ್ದಂತೆ ತೋರುತ್ತದೆ. ಆದರೆ ಹೋಲಿಕೆ ಮಾಡಬೇಕಾದದ್ದು ಪ್ರಸ್ತಾವದ ದಿನಕ್ಕೆ: ಅಂದು 16 ಲಕ್ಷಕ್ಕೆ ಆರು ತಿಂಗಳ ಬಡ್ಡಿ 72 ಸಾವಿರ ಸೇರಿ 16.72 ಲಕ್ಷವಷ್ಟೇ ಆಗುತ್ತಿತ್ತು. ಅಂದರೆ ಮಾಲಕರು ನ್ಯಾಯವಾಗಿ ಕೊಡಬೇಕಾದದ್ದಕ್ಕಿಂತ ಹೆಚ್ಚನ್ನೇ ಕೊಡಲು ಮುಂದಾಗಿದ್ದರು, ಮತ್ತು ಆ ದಿನದ ನಂತರದ ಖರ್ಚನ್ನು ಗುತ್ತಿಗೆದಾರರೇ ಹೊರಲಿ ಎಂದು ಕೇಳಲು ಅವರಿಗೆ ಗಟ್ಟಿಯಾದ ಆಧಾರವಿದೆ. ತೀರ್ಮಾನ ಆರ್ಬಿಟ್ರೇಟರ್ ವಿವೇಚನೆಗೆ ಬಿಟ್ಟದ್ದು ನಿಜ. ಆದರೆ ಪತ್ರವೇ ಇಲ್ಲದಿದ್ದರೆ ಈ ವಾದಕ್ಕೆ ಜಾಗವೂ ಇರುವುದಿಲ್ಲ.

ಈ ಖರ್ಚು ಸಣ್ಣದಲ್ಲ. ಆರ್ಬಿಟ್ರೇಶನ್ ಕಾಯ್ದೆಯ ನಾಲ್ಕನೇ ಅನುಸೂಚಿಯ ಮಾದರಿ ದರದಂತೆ 28 ಲಕ್ಷದ ಬೇಡಿಕೆಗೆ ಆರ್ಬಿಟ್ರೇಟರ್ ಶುಲ್ಕ 1,21,500 ರೂಪಾಯಿ. ಒಬ್ಬರೇ ಆರ್ಬಿಟ್ರೇಟರ್ ಆಗಿದ್ದರೆ ಶೇ. 25 ಹೆಚ್ಚು. ಸೋರಿಕೆಯ ದುರಸ್ತಿಗೆಂದು ಮಾಲಕರು ಎದುರು ಬೇಡಿಕೆ ಹೂಡಿದರೆ ಅದಕ್ಕೆ ಪ್ರತ್ಯೇಕ ಶುಲ್ಕವಾಗುತ್ತದೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ವಕೀಲರ ಶುಲ್ಕ, ಎಂಜಿನಿಯರರ ವರದಿ, ಸಾಕ್ಷ್ಯದ ದಿನಗಳ ವೆಚ್ಚ ಇದರ ಮೇಲಿನದು.

ಹಾಗಾದರೆ ಪತ್ರದಲ್ಲಿ ಏನಿರಬೇಕು? ಮೊತ್ತ ಎಷ್ಟು, ಅದರಲ್ಲಿ ಬಡ್ಡಿ, ಜಿಎಸ್‌ಟಿ ಮತ್ತು ಈವರೆಗಿನ ಖರ್ಚು ಸೇರಿದೆಯೇ, ತಡೆಹಿಡಿದ ಭದ್ರತಾ ಠೇವಣಿ ಏನಾಗುತ್ತದೆ, ಸೋರುವ ತಾರಸಿಯನ್ನು ಯಾರು ಯಾವ ದಿನಾಂಕದೊಳಗೆ ಸರಿಪಡಿಸುತ್ತಾರೆ, ಹಣ ಎಂದು ಸಂದಾಯವಾಗುತ್ತದೆ, ಉತ್ತರಕ್ಕೆ ಎಷ್ಟು ದಿನ ಎಂಬುದೆಲ್ಲ ಸ್ಪಷ್ಟವಾಗಿರಬೇಕು. ‘ಕುಳಿತು ಮಾತನಾಡೋಣ’ ಎಂಬ ಸೌಜನ್ಯದ ಸಾಲು ಪ್ರಸ್ತಾವ ಎನಿಸುವುದಿಲ್ಲ. ಮೊತ್ತಕ್ಕೆ ಆಧಾರವಾಗಿ ಜಂಟಿ ಅಳತೆಯ ಪ್ರತಿ ಮತ್ತು ಸ್ವತಂತ್ರ ಎಂಜಿನಿಯರರ ಅಂದಾಜನ್ನು ಲಗತ್ತಿಸಿದರೆ, ಪ್ರಸ್ತಾವವು ಸಮಂಜಸವಾಗಿತ್ತೆಂದು ಮುಂದೆ ತೋರಿಸುವುದು ಸುಲಭ.

ತಲೆಬರಹದಲ್ಲಿ ಬಹಳ ಮಂದಿ ಎಡವುತ್ತಾರೆ. ‘ಹಕ್ಕುಗಳಿಗೆ ಬಾಧಕವಿಲ್ಲದೆ’ (ರಾಜಿಗಾಗಿ ಬರೆದದ್ದನ್ನು ಬರೆದವರ ವಿರುದ್ಧ ಬಳಸಬಾರದು ಎಂಬರ್ಥದ ಮಾತು) ಎಂದಷ್ಟೇ ಬರೆದರೆ ಆ ಪತ್ರವನ್ನು ಖರ್ಚಿನ ಪ್ರಶ್ನೆಗೂ ಹಾಜರುಪಡಿಸದಂತೆ ಎದುರಾಳಿ ಆಕ್ಷೇಪಿಸಬಹುದು. ಏನನ್ನೂ ಬರೆಯದಿದ್ದರೆ ಅದನ್ನೇ ಸಾಲದ ಒಪ್ಪಿಗೆ ಎಂದು ವಾದಿಸಬಹುದು. ಆದ್ದರಿಂದ ‘ಹಕ್ಕುಗಳಿಗೆ ಬಾಧಕವಿಲ್ಲದೆ, ಖರ್ಚಿನ ತೀರ್ಮಾನದ ವೇಳೆ ಮಾತ್ರ ಈ ಪತ್ರವನ್ನು ಹಾಜರುಪಡಿಸುವ ಹಕ್ಕನ್ನು ಕಾಯ್ದಿರಿಸಿಕೊಂಡು’ ಎಂದು ಪೂರ್ತಿಯಾಗಿ ಬರೆಯಿರಿ. ವಾಣಿಜ್ಯ ದಾವೆಗೆ ಮುಂಚೆ, ತುರ್ತು ಮಧ್ಯಂತರ ಆದೇಶ ಬೇಡದಿದ್ದರೆ, ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ 12ಎ ಕಲಮಿನ ಮಧ್ಯಸ್ಥಿಕೆ (ಮೀಡಿಯೇಶನ್) ಕಡ್ಡಾಯ. ಅಲ್ಲಿ ಆಡಿದ ಮಾತು ಗೋಪ್ಯವಾದ್ದರಿಂದ, ಅಲ್ಲಿ ಹೇಳಿದ ಮೊತ್ತವನ್ನು ನಂಬಿಕೊಂಡು ಕೂರದೆ ನಿಮ್ಮ ಪ್ರಸ್ತಾವವನ್ನು ಹೊರಗೆ ಪ್ರತ್ಯೇಕ ಪತ್ರದಲ್ಲಿ ಕಳುಹಿಸಿರಿ.

ನ್ಯಾಯಾಲಯದಲ್ಲಿ ಹಣದ ದಾವೆ ನಡೆಯುತ್ತಿದ್ದರೆ ಪ್ರತಿವಾದಿಗೆ ಪತ್ರಕ್ಕಿಂತ ಬಲವಾದ ದಾರಿಯೊಂದಿದೆ, ಅದನ್ನು ಬಳಸುವವರು ತೀರ ಕಡಿಮೆ ಎಂಬುದು ನನಗೆ ಬೇಸರದ ಸಂಗತಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಆದೇಶದಂತೆ, ತಾನು ಕೊಡಬೇಕೆಂದು ತೋರುವ ಮೊತ್ತವನ್ನು ನ್ಯಾಯಾಲಯದಲ್ಲಿ ಠೇವಣಿ ಇಡಬಹುದು. ಠೇವಣಿಯ ನೋಟಿಸು ವಾದಿಗೆ ತಲುಪಿದ ದಿನದಿಂದ ಅಷ್ಟು ಮೊತ್ತಕ್ಕೆ ಬಡ್ಡಿ ನಿಲ್ಲುತ್ತದೆ. ವಾದಿ ಅದನ್ನು ಭಾಗಶಃ ಸಂದಾಯವೆಂದು ಪಡೆದು ದಾವೆ ಮುಂದುವರಿಸಿ, ಕೊನೆಗೆ ಠೇವಣಿ ಪೂರ್ಣ ಬಾಕಿಗೆ ಸಮವಾಗಿತ್ತೆಂದು ತೀರ್ಮಾನವಾದರೆ, ಠೇವಣಿಯ ನಂತರದ ದಾವಾ ಖರ್ಚನ್ನು ವಾದಿಯೇ ಕೊಡಬೇಕು.

ಪ್ರಸ್ತಾವ ನಿಮ್ಮ ಕೈಗೆ ಬಂದಿದ್ದರೆ ಸುಮ್ಮನಿರಬೇಡಿರಿ. ಅಂದಿನ ದಿನಕ್ಕೆ ಅಸಲು, ಬಡ್ಡಿಯ ಲೆಕ್ಕ ಹಾಕಿ, ಒಪ್ಪದಿದ್ದರೆ ಯಾವ ಐಟಂ ಏಕೆ ಒಪ್ಪುವುದಿಲ್ಲ ಎಂದು ಅವಧಿಯೊಳಗೆ ಬರೆದು ತಿಳಿಸಿ, ನಿಮ್ಮ ಮೊತ್ತವನ್ನು ಅದೇ ಪತ್ರದಲ್ಲಿ ಮುಂದಿಡಿರಿ. ಅಂದಾಜು ನೋಡಲು ಸಮಯ ಬೇಕಿದ್ದರೆ ಎಷ್ಟು ದಿನ ಎಂದು ಲಿಖಿತವಾಗಿ ಕೇಳಿ, ಅಂಚೆಯ ಸ್ವೀಕೃತಿಯನ್ನು ಕಡತದಲ್ಲಿ ಇಟ್ಟುಕೊಳ್ಳಿರಿ.